ಬಿಡದ ಸುಸ್ತು: ನಲವತ್ತು ದಾಟಿದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ

"ಮೂರು ತಿಂಗಳು ಟಾನಿಕ್ ಕುಡಿದೆ, ಏನೂ ಆಗಲಿಲ್ಲ." ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಓಡಾಡುವಾಗ ಈ ಮಾತು ಕೇಳದ ವಾರವೇ ಇಲ್ಲ. ಹೇಳುವ ಹೆಂಗಸರಿಗೆ ನಲವತ್ತೋ ಐವತ್ತೋ ವಯಸ್ಸು. ಬೆಳಿಗ್ಗೆ ಏಳುವಾಗಲೇ ಮೈ ಭಾರ. ಕೊಟ್ಟಿಗೆ ಕೆಲಸ ಮುಗಿಯುವಷ್ಟರಲ್ಲಿ ಕೂತುಬಿಡಬೇಕು ಅನಿಸುತ್ತದೆ.

ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದಷ್ಟು ಕಾಲ ನಾನು ಇಂಥವರ ಮನೆಗಳಿಗೆ ಹೋಗಿದ್ದೇನೆ. ಅವರು ಪ್ರಯತ್ನ ಮಾಡಿರುವುದಿಲ್ಲ ಅಂತಲ್ಲ. ಮಾತ್ರೆ ನುಂಗಿರುತ್ತಾರೆ, ಸೊಪ್ಪು ತಿಂದಿರುತ್ತಾರೆ, ಪರೀಕ್ಷೆಯನ್ನೂ ಮಾಡಿಸಿರುತ್ತಾರೆ. ಆದರೆ ಕ್ರಮ ತಪ್ಪಿರುತ್ತದೆ. ಮೊದಲು ಟಾನಿಕ್, ಆಮೇಲೆ ಪರೀಕ್ಷೆ. ಐರನ್ ಮಾತ್ರೆಯ ಹಿಂದೆಯೇ ಕಾಫಿ. ಮುಟ್ಟಿನಲ್ಲಿ ರಕ್ತ ಸುರಿದು ಹೋಗುತ್ತಿದೆ, ಅದನ್ನು ಯಾರಿಗೂ ಹೇಳಿಲ್ಲ. ಅದಕ್ಕೇ ಇಲ್ಲಿ ಒಂದೊಂದೇ ಹೆಜ್ಜೆ ಬರೆದಿದ್ದೇನೆ. ದಯವಿಟ್ಟು ಮಧ್ಯದಿಂದ ಶುರು ಮಾಡಬೇಡಿ. ಔಷಧದ ಪ್ರಮಾಣವನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವರ ಮುಂದೆ ಏನು ಇಡಬೇಕು, ಅವರು ಕೊಟ್ಟಿದ್ದು ಮೈಗೆ ಹತ್ತುವಂತೆ ಹೇಗೆ ಮಾಡಬೇಕು ಅನ್ನುವುದು ಇಲ್ಲಿದೆ.

## ಇವು ಕಂಡರೆ ಕಾಯಬೇಡಿ

ಎದೆ ಹಿಡಿದಂತಾಗುವುದು, ನಾಲ್ಕು ಹೆಜ್ಜೆಗೆ ಏದುಸಿರು, ದವಡೆ ಅಥವಾ ತೋಳಿಗೆ ಹರಿಯುವ ನೋವು, ತಣ್ಣನೆಯ ಬೆವರು: ಇವುಗಳಿಗೆ 108ಕ್ಕೆ ಫೋನ್ ಮಾಡಿ. ಹೆಂಗಸರಲ್ಲಿ ಹೃದಯಾಘಾತ ಕೆಲವೊಮ್ಮೆ ಎದೆನೋವೇ ಇಲ್ಲದೆ, ಬರೀ ಸುಸ್ತು, ವಾಕರಿಕೆ, ಉಸಿರಾಟದ ಕಷ್ಟವಾಗಿ ಬರುತ್ತದೆ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ.

ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಆ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. "ಮತ್ತೆ ಮುಟ್ಟು ಬಂತು" ಅಂತ ಸುಮ್ಮನಾಗುವಂಥದ್ದಲ್ಲ ಅದು. ಗರ್ಭಕೋಶದ ಕ್ಯಾನ್ಸರ್ ಅಲ್ಲ ಅನ್ನುವುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಮಲದಲ್ಲಿ ರಕ್ತ, ಕುತ್ತಿಗೆ ಅಥವಾ ಎದೆಯಲ್ಲಿ ಗಂಟು. ಇವು ಯಾವುದಿದ್ದರೂ ಡಾಕ್ಟರ್ ಭೇಟಿ ಮೊದಲು, ಉಳಿದದ್ದು ಆಮೇಲೆ.

ನಮ್ಮ ಕಡೆಯ ಇನ್ನೊಂದು ಮಾತು. ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದನ್ನು ವಯಸ್ಸಿನ ಸುಸ್ತು ಅನ್ನಬೇಡಿ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಬಾಯಿಬಿಟ್ಟು ಹೇಳಿ.

## ಬೇಕಾದ ಸಾಮಾನು

ಒಂದು ನೋಟ್‌ಬುಕ್. ದಿನಾಂಕ ದೊಡ್ಡದಾಗಿರುವ ಗೋಡೆ ಕ್ಯಾಲೆಂಡರ್. ಪೆನ್ನು. ವರದಿ, ಚೀಟಿ ಎಲ್ಲ ಹಾಕಿಡಲು ಒಂದು ಪ್ಲಾಸ್ಟಿಕ್ ಫೈಲು. ಮಳೆಗಾಲದಲ್ಲಿ ಕಾಗದ ಬೂಸ್ಟು ಹಿಡಿಯುತ್ತದೆ, ಅದಕ್ಕೆ ಪ್ಲಾಸ್ಟಿಕ್ಕೇ ಇರಲಿ. ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ, ನಾಟಿ ಔಷಧದ ಪುಡಿ ಇದ್ದರೆ ಅದರ ಪೊಟ್ಟಣವನ್ನೂ ಅದರಲ್ಲೇ ಇಡಿ.

## ಹಂತ 1: ಎರಡು ವಾರ ಬರೆಯಿರಿ, ಏನನ್ನೂ ಬದಲಿಸಬೇಡಿ

ಸುಸ್ತು ಅನ್ನುವುದು ಒಂದೇ ಪದ, ಆದರೆ ಒಳಗೆ ಹಲವು ಬಗೆ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು ಒಂದು. ಮಧ್ಯಾಹ್ನ ಉಂಡ ಮೇಲೆ ಕಣ್ಣು ಬಿಡಲಾಗದ ಮಂಪರು ಇನ್ನೊಂದು. ಎಂಟು ಗಂಟೆ ಮಲಗಿದರೂ ಎದ್ದಾಗ ಮಲಗೇ ಇಲ್ಲ ಅನಿಸುವುದು ಮತ್ತೊಂದು. ಯಾವ ಕೆಲಸಕ್ಕೂ ಮನಸ್ಸೇ ಏಳದಿರುವುದು ಬೇರೆಯದೇ. ಇವನ್ನು ಬಿಡಿಸಿ ಹೇಳಿದರೆ ಡಾಕ್ಟರಿಗೆ ಅರ್ಧ ದಾರಿ ಸಿಕ್ಕಂತೆ.

ದಿನಕ್ಕೆ ನಾಲ್ಕು ಸಾಲು ಸಾಕು. ಎಷ್ಟು ಹೊತ್ತಿಗೆ ಮಲಗಿದೆ, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಯಾಕೆ. ಸುಸ್ತು ಜಾಸ್ತಿಯಾದದ್ದು ಯಾವಾಗ. ಏನು ತಿಂದೆ, ಎಷ್ಟು ಕಾಫಿ ಕುಡಿದೆ. ಮೈ ಬಿಸಿಯಾಗಿ ಬೆವರಿತೋ ಇಲ್ಲವೋ.

ಜೊತೆಗೆ ಇವನ್ನೂ ಗಮನಿಸಿ: ಕೂದಲು ಉದುರುವುದು, ಮಲಬದ್ಧತೆ, ಎಲ್ಲರಿಗಿಂತ ಜಾಸ್ತಿ ಚಳಿಯಾಗುವುದು. ಇವು ಥೈರಾಯ್ಡ್ ಕಡೆ ಬೆರಳು ತೋರಿಸುತ್ತವೆ. ಕೈಕಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಮರೆವು ವಿಟಮಿನ್ ಬಿ12 ಕಡಿಮೆಯಾದಾಗ ಕಾಣುತ್ತವೆ. ಅಕ್ಕಿ, ಮಣ್ಣು, ಬಳಪ ತಿನ್ನಬೇಕು ಅನಿಸಿದರೆ ನಾಚಿಕೆಪಡಬೇಡಿ, ಬರೆಯಿರಿ. ಕಬ್ಬಿಣದ ಕೊರತೆಯಲ್ಲಿ ಆ ಚಪಲ ಬರುತ್ತದೆ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ನಾನು ಗೊರಕೆ ಹೊಡೆಯುತ್ತೇನಾ, ಮಧ್ಯೆ ಉಸಿರು ನಿಂತಂತಾಗುತ್ತದಾ ಅಂತ.

ಈ ಹಂತದಲ್ಲಿ ಆಗುವ ತಪ್ಪು: ಎರಡನೇ ದಿನಕ್ಕೇ ಯಾರೋ ಹೇಳಿದ ಮಲ್ಟಿವಿಟಮಿನ್ ಶುರು ಮಾಡುವುದು. ಬೇಡ. ಐರನ್ ಅಥವಾ ಬಿ12 ಮೊದಲೇ ಹೊಟ್ಟೆಗೆ ಹೋದರೆ ವರದಿಯಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ, ಮೂಲ ಕೊರತೆ ಮುಚ್ಚಿಹೋಗುತ್ತದೆ. ಕೂದಲಿಗೆಂದು ಮಾರುವ ಬಯೋಟಿನ್ ಮಾತ್ರೆಯಂತೂ ಥೈರಾಯ್ಡ್ ಪರೀಕ್ಷೆಯನ್ನೇ ತಪ್ಪು ತೋರಿಸಬಹುದು. ಡಾಕ್ಟರ್ ಬರೆದುಕೊಟ್ಟ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

## ಹಂತ 2: ಮುಟ್ಟಿನ ಲೆಕ್ಕ ಹಿಡಿಯಿರಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ನನ್ನ ಮಟ್ಟಿಗೆ ಇದೇ ಮುಖ್ಯ.

ಮುಟ್ಟು ಪೂರ್ತಿ ನಿಲ್ಲುವ ಕೆಲವು ವರ್ಷ ಮೊದಲೇ ಹಾರ್ಮೋನುಗಳ ಲಯ ತಪ್ಪುತ್ತದೆ. ಕೆಲವು ತಿಂಗಳು ಅಂಡ ಬಿಡುಗಡೆಯಾಗುವುದಿಲ್ಲ, ಆಗ ಪ್ರೊಜೆಸ್ಟಿರಾನ್ ಅನ್ನುವ ಹಾರ್ಮೋನು ತಯಾರಾಗುವುದಿಲ್ಲ. ಈಸ್ಟ್ರೋಜನ್ ಅನ್ನುವ ಇನ್ನೊಂದು ಹಾರ್ಮೋನು ಒಂದು ತಿಂಗಳು ಏರಿ ಇನ್ನೊಂದು ತಿಂಗಳು ಇಳಿಯುತ್ತದೆ. ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗಿ ಒಮ್ಮೆಲೇ ಕಳಚುತ್ತದೆ. ಅದಕ್ಕೇ ಎರಡು ತಿಂಗಳು ಬಾರದೆ ಮೂರನೆಯ ತಿಂಗಳು ಹತ್ತು ದಿನ ಸುರಿಯುವುದು. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಅನ್ನುವ ಗಡ್ಡೆ ಬೆಳೆದಿದ್ದರೂ ರಕ್ತ ಜಾಸ್ತಿ ಹೋಗುತ್ತದೆ. ಆ ರಕ್ತದ ಜೊತೆ ಕಬ್ಬಿಣವೂ ಹೋಗುತ್ತದೆ. ಹಾರ್ಮೋನು, ಆಹಾರ, ಸುಸ್ತು ಮೂರೂ ಒಂದಕ್ಕೊಂದು ಗಂಟು ಬಿದ್ದಿರುವುದು ಇಲ್ಲೇ.

ಕ್ಯಾಲೆಂಡರಿನಲ್ಲಿ ಶುರುವಾದ ದಿನ, ಮುಗಿದ ದಿನ ಗುರುತು ಹಾಕಿ. ದಿನಕ್ಕೆ ಎಷ್ಟು ಪ್ಯಾಡ್ ಅಥವಾ ಬಟ್ಟೆ ಬದಲಿಸಿದಿರಿ, ಹೆಪ್ಪುಗಟ್ಟಿದ ರಕ್ತದ ಗಡ್ಡೆ ಬಿತ್ತೇ, ಎಷ್ಟು ದೊಡ್ಡದು ಅಂತ ಬರೆಯಿರಿ. ಏಳು ದಿನ ದಾಟುವುದು, ಗಂಟೆ ಎರಡು ಗಂಟೆಗೊಮ್ಮೆ ಬದಲಿಸಬೇಕಾಗುವುದು, ರಾತ್ರಿ ಹಾಸಿಗೆಗೆ ತಾಗುವುದು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ: ಯಾವುದಿದ್ದರೂ ಅದು ಜಾಸ್ತಿಯೇ. "ಅಮ್ಮನಿಗೂ ಹೀಗೇ ಇತ್ತು" ಅನ್ನುತ್ತಾರೆ. ಅಮ್ಮನೂ ರಕ್ತ ಕಡಿಮೆಯಾಗಿಯೇ ಬದುಕಿದ್ದಿರಬಹುದು ಅಲ್ವಾ?

ರಕ್ತ ಜಾಸ್ತಿ ಹೋಗುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಿ, ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿ. ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ತಕ್ಷಣ "ಗರ್ಭಕೋಶ ತೆಗೆಸಿಬಿಡಿ" ಅನ್ನುವ ಸಲಹೆ ಬಂದರೆ ಗಾಬರಿಯಿಂದ ಒಪ್ಪಬೇಡಿ. ರಕ್ತಸ್ರಾವ ತಡೆಯುವ ಮಾತ್ರೆ ಇದೆ, ಹಾರ್ಮೋನ್ ಚಿಕಿತ್ಸೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಇದೆ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕೇ ಬೇಕಾಗುತ್ತದೆ, ನಿಜ. ಆದರೆ ತುರ್ತಿಲ್ಲದಿದ್ದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ, ಬೇರೆ ದಾರಿ ಏನಿದೆ ಅಂತ ಕೇಳಿ. ಆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.

ಮುಟ್ಟು ತಪ್ಪಿದೆ ಅಂದ ಮಾತ್ರಕ್ಕೆ ನಿಂತೇಹೋಯಿತು ಅಂದುಕೊಳ್ಳಬೇಡಿ. ಹನ್ನೆರಡು ತಿಂಗಳು ಸತತವಾಗಿ ಬಾರದಿದ್ದರೆ ಮಾತ್ರ ನಿಂತಂತೆ. ಅಲ್ಲಿಯವರೆಗೆ ಗರ್ಭ ನಿಲ್ಲುವ ಸಾಧ್ಯತೆ ಇದೆ, ಅನುಮಾನ ಬಂದರೆ ಕಿಟ್‌ನಲ್ಲಿ ನೋಡಿಕೊಳ್ಳಿ.

## ಹಂತ 3: ರಕ್ತ ಪರೀಕ್ಷೆ ಒಂದೇ ಸಲ ಮಾಡಿಸಿ

ಬರೀ ಹಿಮೋಗ್ಲೋಬಿನ್ ನೋಡಿ "ಹನ್ನೆರಡು ಇದೆ, ಏನಿಲ್ಲ" ಅಂತ ಮನೆಗೆ ಬಂದವರು ಬಹಳ. ಕಬ್ಬಿಣದ ದಾಸ್ತಾನು ಖಾಲಿಯಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯುವುದು. ಕಣಜ ಬರಿದಾಗಿದ್ದರೂ ಅಡುಗೆಮನೆಯ ಡಬ್ಬದಲ್ಲಿ ನಾಲ್ಕು ದಿನದ ಅಕ್ಕಿ ಇರುತ್ತದಲ್ಲ, ಹಾಗೆ. ಆ ಕಣಜದ ಲೆಕ್ಕ ಹೇಳುವುದು ಫೆರಿಟಿನ್.

ಡಾಕ್ಟರ ಹತ್ತಿರ ಇವುಗಳ ಬಗ್ಗೆ ಕೇಳಿ: ಸಿಬಿಸಿ (ಹಿಮೋಗ್ಲೋಬಿನ್ ಸೇರಿ ರಕ್ತಕಣಗಳ ಲೆಕ್ಕ), ಫೆರಿಟಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ವಿಟಮಿನ್ ಡಿ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಮೂತ್ರ ಪರೀಕ್ಷೆ. ಎಲ್ಲವಕ್ಕೂ ಕಾಸಿಲ್ಲದಿದ್ದರೆ ಮೊದಲ ಐದನ್ನು ಬಿಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್, ಸಕ್ಕರೆ ನೋಡುತ್ತಾರೆ. ಉಳಿದವನ್ನು ತಾಲ್ಲೂಕು ಆಸ್ಪತ್ರೆಯಲ್ಲೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ವಿಚಾರಿಸಿ. ಖಾಸಗಿ ಲ್ಯಾಬ್ ಆದರೆ ರಕ್ತ ಕೊಡುವ ಮೊದಲೇ ಒಟ್ಟು ದರ ಕೇಳಿಕೊಳ್ಳಿ.

ಮೊದಲ ಬಸ್ಸಿಗೆ ಹೊರಡುವವರು ತಿಂಡಿ ಡಬ್ಬಿ ಕಟ್ಟಿಕೊಂಡು ಹೋಗಿ. ನೀರು ಕುಡಿಯಬಹುದು, ಕಾಫಿ ಬೇಡ. ರಕ್ತ ಕೊಟ್ಟ ಕೂಡಲೇ ತಿನ್ನಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅವತ್ತು ರಕ್ತ ಕೊಟ್ಟ ಮೇಲೆ ನುಂಗಲಿ. ಜ್ವರ ಬಂದು ಹೋಗಿದ್ದರೆ ಎರಡು ಮೂರು ವಾರ ಬಿಟ್ಟು ಹೋಗಿ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ.

ಹಾರ್ಮೋನ್ ಪ್ಯಾಕೇಜ್ ಅಂತ ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಸೂಚನೆ ಕೊಡುವ ಹಾರ್ಮೋನು), ಈಸ್ಟ್ರೋಜನ್ ಎಲ್ಲ ಸೇರಿಸಿ ದೊಡ್ಡ ಬಿಲ್ ಮಾಡುವ ಕಡೆ ಎಚ್ಚರ. ನಲವತ್ತೈದು ದಾಟಿದವರಲ್ಲಿ ಮುಟ್ಟು ನಿಲ್ಲುವ ಕಾಲ ಬಂದಿದೆ ಅನ್ನುವುದನ್ನು ಲಕ್ಷಣ ಮತ್ತು ಮುಟ್ಟಿನ ಲೆಕ್ಕದಿಂದಲೇ ಹೇಳಬಹುದು. ಈ ಹಾರ್ಮೋನುಗಳು ವಾರದಿಂದ ವಾರಕ್ಕೆ ಏರಿಳಿಯುತ್ತವೆ, ಒಂದು ದಿನದ ಅಂಕಿಗೆ ಹೆಚ್ಚು ಬೆಲೆ ಇಲ್ಲ. ನಲವತ್ತರೊಳಗೆ ಮುಟ್ಟು ನಿಂತರೆ ಮಾತ್ರ ಆ ಪರೀಕ್ಷೆಗಳು ಖಂಡಿತ ಬೇಕು.

## ಹಂತ 4: ವರದಿಯನ್ನು ಸೇರಿಸಿ ಓದಿ

ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 8ಕ್ಕಿಂತ ಕೆಳಗಿದ್ದರೆ ತೀವ್ರ; ಮನೆಯಲ್ಲಿ ಕೂತು ಸೊಪ್ಪು ತಿನ್ನುವ ಹೊತ್ತಲ್ಲ, ಆಸ್ಪತ್ರೆಗೆ ಹೋಗಿ. ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಖಾಲಿ ಅನ್ನುವುದು ಖಚಿತ. ಸುಸ್ತು ಇರುವ ಹೆಂಗಸರಲ್ಲಿ 30ಕ್ಕಿಂತ ಕಡಿಮೆಯನ್ನೂ ಕೊರತೆ ಅಂತಲೇ ಅನೇಕ ಡಾಕ್ಟರುಗಳು ನೋಡುತ್ತಾರೆ. ಲ್ಯಾಬಿನ ಕಾಗದದಲ್ಲಿ "ನಾರ್ಮಲ್" ಅಂತ ಇದ್ದರೂ 18 ಅನ್ನುವ ಅಂಕಿಯನ್ನು ಡಾಕ್ಟರಿಗೆ ಬೆರಳಿಟ್ಟು ತೋರಿಸಿ.

ಫೆರಿಟಿನ್ ಚೆನ್ನಾಗಿದ್ದು ಹಿಮೋಗ್ಲೋಬಿನ್ ಮಾತ್ರ ಕಡಿಮೆ ಇದ್ದರೆ ಸುಮ್ನೆ ಐರನ್ ನುಂಗಬೇಡಿ. ಬಿ12 ಇರಬಹುದು, ಕಿಡ್ನಿ ಇರಬಹುದು, ಹುಟ್ಟಿನಿಂದ ಬಂದ ರಕ್ತದ ತೊಂದರೆ ಇರಬಹುದು. ಬಿ12 200ಕ್ಕಿಂತ ಕೆಳಗೆ ಕೊರತೆ, 200ರಿಂದ 300 ಅನುಮಾನದ ಜಾಗ. ಶುಗರಿಗೆ ಮೆಟ್‌ಫಾರ್ಮಿನ್, ಹೊಟ್ಟೆ ಉರಿಗೆ ಪ್ಯಾಂಟೊಪ್ರಜೋಲ್ ತರಹದ ಮಾತ್ರೆ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಇಳಿಯುತ್ತದೆ.

ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಆದರೆ ಕಬ್ಬಿಣ ಕಡಿಮೆ ಇದ್ದಾಗ ಈ ಅಂಕಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಗಡಿಯಲ್ಲಿದ್ದರೆ ಖಾಲಿ ಹೊಟ್ಟೆಯ ಸಕ್ಕರೆಯನ್ನೂ ನೋಡಿಸಿ. ಟಿಎಸ್‌ಎಚ್ ಸ್ವಲ್ಪ ಏರಿದೆ ಅಂದ ಮಾತ್ರಕ್ಕೆ ಎಲ್ಲ ಸುಸ್ತನ್ನೂ ಅದರ ತಲೆಗೆ ಕಟ್ಟಬೇಡಿ. ಥೈರಾಯ್ಡ್ ಸಿಕ್ಕಿತು ಅಂತ ಫೆರಿಟಿನ್ ಮರೆತು ಎರಡು ವರ್ಷ ಕಳೆದವರನ್ನು ನೋಡಿದ್ದೇನೆ. ಒಬ್ಬರಲ್ಲೇ ಎರಡು ಮೂರು ಕಾರಣ ಇರುವುದು ಈ ವಯಸ್ಸಿನಲ್ಲಿ ಮಾಮೂಲು.

## ಹಂತ 5: ಕಬ್ಬಿಣವನ್ನು ಮೈಗೆ ಹತ್ತಿಸಿ

ಮಾತ್ರೆ ನುಂಗುವುದೇ ಬೇರೆ, ಅದು ಮೈಗೆ ಹತ್ತುವುದೇ ಬೇರೆ. ಮಲೆನಾಡಿನಲ್ಲಿ ಸೋಲುವುದು ಇಲ್ಲೇ, ಕಾರಣ ಕಾಫಿ. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕವಳ ಹಾಕುವ ಅಡಿಕೆಯಲ್ಲೂ ಅದೇ ಒಗರು ಇದೆ. ಅಡಿಕೆ ನಮ್ಮ ಅನ್ನ, ಒಪ್ಪುತ್ತೇನೆ. ಆದರೆ ಅದನ್ನು ಜಗಿಯುವುದು ಬಾಯಿ ಕ್ಯಾನ್ಸರಿಗೆ ದಾರಿ, ಹಸಿವನ್ನೂ ಸಾಯಿಸುತ್ತದೆ. ಬಿಡಲು ಇದು ಒಳ್ಳೆಯ ಕಾರಣ.

ಮಾತ್ರೆಗೆ ಒಂದು ಹೊತ್ತು ಗೊತ್ತು ಮಾಡಿ. ನನಗೆ ಸರಿ ಕಂಡದ್ದು ಬೆಳಿಗ್ಗೆ ಹತ್ತೂವರೆ ಹನ್ನೊಂದು ಗಂಟೆ. ತಿಂಡಿ ಕಾಫಿ ಮುಗಿದು ಎರಡು ಗಂಟೆಯಾಗಿರುತ್ತದೆ, ಊಟಕ್ಕೆ ಇನ್ನೂ ಹೊತ್ತಿರುತ್ತದೆ. ನಿಂಬೆ ಹಣ್ಣಿನ ನೀರಿನ ಜೊತೆಯೋ, ಒಂದು ನೆಲ್ಲಿಕಾಯಿ ಜಗಿದೋ ನುಂಗಿ. ಹುಳಿಯಲ್ಲಿರುವ ವಿಟಮಿನ್ ಸಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಎರಡು ಗಂಟೆ ಕಾಫಿ, ಟೀ, ಹಾಲು ಬೇಡ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದು ರಾತ್ರಿ ಊಟದ ಜೊತೆಗಿರಲಿ.

ಮಲ ಕಪ್ಪಾಗುತ್ತದೆ, ಹೆದರಬೇಡಿ. ಆದರೆ ಟಾರಿನಂತೆ ಅಂಟಂಟಾಗಿ ವಿಪರೀತ ವಾಸನೆ ಇದ್ದರೆ ಡಾಕ್ಟರಿಗೆ ಹೇಳಿ. ಹೊಟ್ಟೆ ನೋವು, ವಾಕರಿಕೆ, ಮಲಬದ್ಧತೆ ಬಂದಾಗ ಹೆಚ್ಚಿನವರು ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ಬಿಡುವ ಬದಲು ಕೇಳಿ: ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ, ಬೇರೆ ಬಗೆಯ ಐರನ್ ಇದೆಯಾ ಅಂತ. ದಿನ ಬಿಟ್ಟು ದಿನ ಕೊಟ್ಟಾಗ ಕರುಳು ಪ್ರತಿ ಮಾತ್ರೆಯಿಂದ ಜಾಸ್ತಿ ಕಬ್ಬಿಣ ಹೀರಿಕೊಳ್ಳುತ್ತದೆ ಅನ್ನುವುದು ಗೊತ್ತಾಗಿದೆ. ಮಾತ್ರೆ ಏನು ಮಾಡಿದರೂ ಒಗ್ಗದಿದ್ದರೆ, ರಕ್ತ ಬಹಳ ಕಡಿಮೆ ಇದ್ದರೆ, ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕಬ್ಬಿಣ ಕೊಡುತ್ತಾರೆ.

ಆಶಾ ಕಾರ್ಯಕರ್ತೆಯರು ಕೊಡುವ ಕೆಂಪು ಐರನ್ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ, ವಾರಕ್ಕೊಂದು. ಅದು ಕೊರತೆ ಬಾರದಂತೆ ತಡೆಯಲು. ಕೊರತೆ ಆಗಲೇ ಬಂದಿದ್ದರೆ ವಾರಕ್ಕೊಂದು ಸಾಲದು. "ನಾನು ತೆಗೆದುಕೊಳ್ಳುತ್ತಿದ್ದೇನಲ್ಲ" ಅನ್ನುವ ಗೊಂದಲ ಇಲ್ಲಿಂದ ಹುಟ್ಟುತ್ತದೆ.

ಇನ್ನೊಂದು ಸೋರಿಕೆ ಜಂತುಹುಳು. ಬರಿಗಾಲಲ್ಲಿ ತೋಟ, ಕೊಟ್ಟಿಗೆ ಓಡಾಡುವವರಿಗೆ ಕೊಕ್ಕೆಹುಳು ಕಾಲಿನ ಚರ್ಮದಿಂದಲೇ ಒಳಸೇರಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಆಲ್ಬೆಂಡಜೋಲ್ 400 ಮಿಲಿಗ್ರಾಂ ಬಗ್ಗೆ ಕೇಳಿ. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವಾಗ ಗಂಬೂಟು ಹಾಕಿ.

ಎರಡರಿಂದ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆ ಹತ್ತುತ್ತಿಲ್ಲ, ಅಥವಾ ರಕ್ತ ಎಲ್ಲೋ ಹೋಗುತ್ತಿದೆ. ಮತ್ತೆ ಹಂತ 2ಕ್ಕೆ ಹೋಗಿ. ಮುಟ್ಟು ನಿಂತವರಲ್ಲಿ ಕಬ್ಬಿಣ ಕಡಿಮೆಯಾದರೆ ಹೊಟ್ಟೆ ಅಥವಾ ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಅಂತ ಡಾಕ್ಟರ್ ನೋಡಲೇಬೇಕು. ರಕ್ತ ಸರಿಹೋಯಿತು ಅಂತ ಒಂದು ತಿಂಗಳಿಗೇ ನಿಲ್ಲಿಸುವುದು ಕೊನೆಯ ತಪ್ಪು. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಕಣಜ ತುಂಬುತ್ತದೆ. ಮೊಮ್ಮಕ್ಕಳ ಕೈಗೆ ಮಾತ್ರ ಈ ಮಾತ್ರೆ ಸಿಗಬಾರದು. ಮಿಠಾಯಿ ಅಂತ ನಾಲ್ಕಾರು ತಿಂದರೆ ಮಗುವಿನ ಜೀವಕ್ಕೇ ಅಪಾಯ.

## ಹಂತ 6: ಉಳಿದ ಮಾತ್ರೆಗಳ ಹೊತ್ತು

ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ, ಬರೀ ನೀರಿನಲ್ಲಿ. ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ. ಐರನ್, ಕ್ಯಾಲ್ಸಿಯಂ ಅದರಿಂದ ನಾಲ್ಕು ಗಂಟೆ ದೂರ. ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರಕ್ಕೆ ಮರುಪರೀಕ್ಷೆ. ಅದಕ್ಕಿಂತ ಮೊದಲು ನೋಡಿದರೆ ಅಂಕಿ ನೆಲೆ ನಿಂತಿರುವುದಿಲ್ಲ.

ವಿಟಮಿನ್ ಡಿ ನಮ್ಮಲ್ಲಿ ಕಡಿಮೆಯಾಗುವುದು ಆಶ್ಚರ್ಯವಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಕಾಣುವುದಿಲ್ಲ. 60,000 ಯೂನಿಟ್ಟಿನದನ್ನು ವಾರಕ್ಕೊಂದರಂತೆ ಕೆಲವು ವಾರಕ್ಕೆ ಬರೆದಿರುತ್ತಾರೆ. ಹಾಲು, ತುಪ್ಪ ಇರುವ ಊಟದ ನಂತರ ತೆಗೆದುಕೊಳ್ಳಿ, ಹೇಳಿದ ವಾರಕ್ಕೆ ನಿಲ್ಲಿಸಿ. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತರಿಸಿಕೊಳ್ಳುವವರಿದ್ದಾರೆ. ಅದು ಮೈಯಲ್ಲಿ ಸೇರಿಕೊಂಡು ರಕ್ತದ ಕ್ಯಾಲ್ಸಿಯಂ ಏರಿಸಿ ಕಿಡ್ನಿಗೆ ತೊಂದರೆ ಕೊಡುತ್ತದೆ.

## ಹಂತ 7: ತಟ್ಟೆ ಬದಲಿಸಿ

ಬೆಳಿಗ್ಗೆ ಅಕ್ಕಿ ರೊಟ್ಟಿಯೋ ಕಡುಬೋ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಅದಕ್ಕೆ ತಿಳಿ ಸಾರು, ಉಪ್ಪಿನಕಾಯಿ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಿಗುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರಿಗೆ ಬೇಳೆ ತಳದಲ್ಲೂ ಉಳಿದಿರುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಡಿಸುವ ಮೊದಲೇ ನಿಮ್ಮ ಪಾಲಿನ ಕಾಳು, ಪಲ್ಯ, ಮೀನು ಒಂದು ಬಟ್ಟಲಿಗೆ ತೆಗೆದಿಡಿ.

ನಿಮ್ಮ ತೂಕದ ಪ್ರತಿ ಕಿಲೋಗೆ ದಿನಕ್ಕೆ ಕನಿಷ್ಠ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ಇದ್ದರೆ ಸುಮಾರು 46 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 6–7, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7, ಮುಷ್ಟಿಯಷ್ಟು ಒಣ ಬೇಳೆ ಅಥವಾ ಕಾಳು ಬೇಯಿಸಿದರೆ 6–7. ಮೀನು ತಿನ್ನುವವರಿಗೆ 100 ಗ್ರಾಂನಲ್ಲಿ 18ರ ಆಸುಪಾಸು. ಮೂರೂ ಹೊತ್ತಿನ ಊಟದಲ್ಲಿ ಇವುಗಳಲ್ಲೊಂದು ಇರಲೇಬೇಕು ಅನ್ನುವ ಒಂದೇ ನಿಯಮ ಸಾಕು.

ಹುರುಳಿ ಕಟ್ಟಿನ ಸಾರು ಮಾಡುವಾಗ ಕಟ್ಟು ಬಸಿದು ಬೆಂದ ಕಾಳನ್ನು ದನಕ್ಕೆ ಹಾಕುವ ಮನೆಗಳಿವೆ. ಪ್ರೋಟೀನ್, ಕಬ್ಬಿಣ ಹೆಚ್ಚಿನದೆಲ್ಲ ಆ ಕಾಳಿನಲ್ಲೇ ಇದೆ! ಅದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡಿ. ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು, ಕಬ್ಬಿಣ ಹೀರುವುದಕ್ಕೆ ಅಡ್ಡಿ ಮಾಡುವ ಅಂಶ ಕಡಿಮೆಯಾಗುತ್ತದೆ. ಹರಿವೆ, ನುಗ್ಗೆ, ಹೊನಗೊನೆ, ಬಸಳೆ ಯಾವುದಾದರೂ ಸೊಪ್ಪು ದಿನಾ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿ, ಇಳಿಸಿದ ಮೇಲೆ ನಿಂಬೆ ಹಿಂಡಿ. ಆದರೆ ಸೊಪ್ಪಿನಿಂದಷ್ಟೇ ಖಾಲಿಯಾದ ಕಣಜ ತುಂಬುವುದಿಲ್ಲ, ಮಾತ್ರೆ ಬಿಡಬೇಡಿ.

ಬಿ12 ಗಿಡದಿಂದ ಬರುವ ಆಹಾರದಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಇದೆ. ಒಂದೆಲಗದ ತಂಬುಳಿ ಒಳ್ಳೆಯದೇ, ಅದರಲ್ಲಿರುವ ಮಜ್ಜಿಗೆ ನೀರಾಗಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಗಟ್ಟಿ ಮೊಸರು ಬಳಸಿ. ಬಿ12 ಆಗಲೇ ಇಳಿದಿದ್ದರೆ ಮಾತ್ರೆ ಅಥವಾ ಇಂಜೆಕ್ಷನ್ ಬೇಕೇ ಬೇಕು.

ಉಪ್ಪು ಅಯೋಡಿನ್ ಇರುವುದೇ ಆಗಲಿ. ಒಲೆಯ ಪಕ್ಕ ಬಾಯಿ ತೆರೆದ ಮರಿಗೆಯಲ್ಲಿಟ್ಟರೆ ತೇವಕ್ಕೆ ಕರಗಿ ಅಯೋಡಿನ್ ಹೋಗುತ್ತದೆ. ಮುಚ್ಚಳದ ಡಬ್ಬದಲ್ಲಿಡಿ. ಸೋಮವಾರ, ಶನಿವಾರ ಒಪ್ಪೊತ್ತು ಮಾಡುವವರು ರಕ್ತ ಸರಿಹೋಗುವವರೆಗೆ ಹಾಲು ಹಣ್ಣು ಕಾಳಿನ ಫಲಾಹಾರಕ್ಕೆ ಬದಲಿಸಿಕೊಳ್ಳಿ. ಸಕ್ಕರೆ ಕಾಯಿಲೆ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ.

## ಹಂತ 8: ನಿದ್ದೆ, ಬೆವರು, ಮನಸ್ಸು

ನಡುರಾತ್ರಿ ಮೈಗೆ ಬೆಂಕಿ ಹತ್ತಿದಂತಾಗಿ ಬೆವರಿ ಎಚ್ಚರವಾಗುವುದು ಈಸ್ಟ್ರೋಜನ್ ಇಳಿಯುವುದರ ಗುರುತು. ರಕ್ತ ಎಷ್ಟೇ ಸರಿಯಿದ್ದರೂ ನಿದ್ದೆ ಮುರಿದರೆ ಸುಸ್ತು ಬಿಡುವುದಿಲ್ಲ. ಹತ್ತಿ ಬಟ್ಟೆ, ತೆಳು ಹೊದಿಕೆ, ಮಧ್ಯಾಹ್ನ ಮೂರರ ನಂತರ ಕಾಫಿ ಬೇಡ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೆರಡರ ತನಕ ಮೆಟ್ಟುಗತ್ತಿಯ ಮುಂದೆ ಕೂತು ಬೆಳಿಗ್ಗೆ ಐದಕ್ಕೆ ಏಳುವುದನ್ನು ಯಾವ ಮಾತ್ರೆಯೂ ಸರಿಮಾಡಲಾರದು. ಆ ಎರಡು ತಿಂಗಳು ಬೆಳಗಿನ ಕೊಟ್ಟಿಗೆ ಕೆಲಸ ಮನೆಯಲ್ಲಿ ಬೇರೆ ಯಾರು ಮಾಡುತ್ತಾರೆ ಅಂತ ಮೊದಲೇ ಮಾತಾಡಿ.

ಇಷ್ಟಾದರೂ ಬೆವರು ನಿದ್ದೆ ಕೆಡಿಸುತ್ತಿದ್ದರೆ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳಿ. ಅರವತ್ತರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದರೆ ಸಾಮಾನ್ಯವಾಗಿ ಲಾಭ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ, ಲಿವರ್ ಕಾಯಿಲೆ ಇರುವವರಿಗೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರಿಗೆ ಇದು ಸಾಮಾನ್ಯವಾಗಿ ಆಗದು. ಬೇರೆ ಔಷಧಗಳೂ ಇವೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡಬಾರದು, ಪ್ರೊಜೆಸ್ಟಿರಾನ್ ಬಗೆಯದೂ ಜೊತೆಗೆ ಬೇಕು. ಅಕ್ಕಪಕ್ಕದವರ ಮಾತ್ರೆ ತಂದು ನುಂಗಬಾರದು ಅನ್ನುವುದು ಅದಕ್ಕೇ.

ಜೋರು ಗೊರಕೆ, ಉಸಿರು ನಿಂತು ಬೆಚ್ಚಿಬೀಳುವುದು ಇದ್ದರೆ ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇರಬಹುದು. ಅದಕ್ಕೆ ಬೇರೆಯೇ ಪರೀಕ್ಷೆ ಇದೆ.

ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ಆಸಕ್ತಿ ಇಲ್ಲ, ಸುಮ್ಮನೆ ಅಳು ಬರುತ್ತದೆ ಅಂದರೆ ಅದು ಸೋಮಾರಿತನವಲ್ಲ. ಈ ವಯಸ್ಸಿನಲ್ಲಿ ಖಿನ್ನತೆ ಸುಸ್ತಿನ ವೇಷದಲ್ಲಿ ಬರುತ್ತದೆ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನಿಸಿದರೆ ಆ ಕ್ಷಣವೇ ಮನೆಯವರಿಗೆ ಹೇಳಿ, ಒಬ್ಬರೇ ಇರಬೇಡಿ.

## ಹಂತ 9: ಶಕ್ತಿ ಕಟ್ಟುವ ಕೆಲಸ

ರಕ್ತ ಸ್ವಲ್ಪ ಏರಿದ ಮೇಲೆಯೇ ಇದು. "ದಿನವಿಡೀ ಕೆಲಸ ಮಾಡುತ್ತೇನೆ, ವ್ಯಾಯಾಮ ಯಾಕೆ" ಅನ್ನುವುದು ನ್ಯಾಯವಾದ ಪ್ರಶ್ನೆ. ಬಗ್ಗಿ ಮಾಡುವ ಕೆಲಸ ಸೊಂಟ ಸವೆಸುತ್ತದೆ, ತೊಡೆಯ ಮಾಂಸಖಂಡ ಕಟ್ಟುವುದಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈಯೊತ್ತಿ ಹತ್ತು ಸಲ ತಳ್ಳುವುದು. ವಾರಕ್ಕೆ ಎರಡು ಮೂರು ದಿನ ಸಾಕು. ಮಾರನೆಯ ದಿನ ಹಾಸಿಗೆ ಹಿಡಿಯುವಷ್ಟು ಸುಸ್ತಾದರೆ ಅರ್ಧಕ್ಕೆ ಇಳಿಸಿ.

## ಹಂತ 10: ಕ್ಯಾಲೆಂಡರಿನಲ್ಲಿ ಮೂರು ಗುರುತು

ಚಿಕಿತ್ಸೆ ಶುರುವಾದ ದಿನವೇ ಮೂರು ತಾರೀಖಿಗೆ ಸುತ್ತು ಹಾಕಿ. ನಾಲ್ಕನೇ ವಾರ: ಹಿಮೋಗ್ಲೋಬಿನ್. ಎಂಟನೇ ವಾರ: ಥೈರಾಯ್ಡ್ ಮಾತ್ರೆಯವರಿಗೆ ಟಿಎಸ್‌ಎಚ್. ಮೂರು ತಿಂಗಳು ಮುಗಿದಾಗ: ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಎಚ್‌ಬಿಎ1ಸಿ. ಆದಷ್ಟು ಅದೇ ಲ್ಯಾಬಿನಲ್ಲಿ ಮಾಡಿಸಿ, ಹೋಲಿಸಲು ಸುಲಭ.

ಮರುಪರೀಕ್ಷೆಗೆ ಮೊದಲಿನ ಎರಡು ವಾರ ನೋಟ್‌ಬುಕ್ ಮತ್ತೆ ತೆರೆದು ಅದೇ ನಾಲ್ಕು ಸಾಲು ಬರೆಯಿರಿ. ಅಂಕಿ ಏರಿ ಸುಸ್ತು ಹಾಗೇ ಇದ್ದರೆ, ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ಡಾಕ್ಟರಿಗೆ ತೋರಿಸಿ. "ಇನ್ನೂ ಸುಸ್ತು" ಅಂತ ಹೇಳಿ ಮತ್ತೊಂದು ಟಾನಿಕ್ ಬರೆಸಿಕೊಂಡು ಬರಬೇಡಿ. "ಇವೆಲ್ಲ ಸರಿಯಾಗಿವೆ, ಆದರೂ ಬೆಳಿಗ್ಗೆ ಏಳಲಾಗುತ್ತಿಲ್ಲ, ಇನ್ನೇನು ನೋಡಬೇಕು?" ಅಂತ ಕೇಳಿ.